ದ್ವಿಪಾರ್ಶ್ವ ಸಮಮಿತಿಯೋ, ದ್ವಿಪಾರ್ಶ್ವ ಸೌಷ್ಠವವೋ?

ಮಾನ್ಯರೇ,

ಪ್ರಾಣಿಗಳ ದೇಹದ ಎಡಭಾಗ ಮತ್ತು ಬಲಭಾಗಗಳು ಒಂದನ್ನೊಂದು ಹೋಲುವಂತೆ ಏಕೆ ವಿಕಾಸಗೊಂಡವು ಎಂಬುದನ್ನು ಪ್ರೌಢಶಾಲೆಯ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಈ ಲಕ್ಷಣವನ್ನು ಕನ್ನಡದಲ್ಲಿ ಕೆಲವರು ‘ದ್ವಿಪಾರ್ಶ್ವ ಸಮಮಿತಿ’ ಎಂದೂ ಕೆಲವರು ‘ದ್ವಿಪಾರ್ಶ್ವ ಸೌಷ್ಠವ’ ಎಂದೂ ಬರೆಯುತ್ತಾರೆ. ಇವೆರಡರಲ್ಲಿ ಯಾವುದು ಉಳಿಯಬೇಕೆಂಬುದು ನನ್ನ ಪ್ರಶ್ನೆ.

ಪದವನ್ನು ತೂಗುವ ಮುನ್ನ ವಿಷಯವನ್ನು ಹೇಳಬೇಕಾಗುತ್ತದೆ. ಒಂದೆಡೆ ಅಂಟಿಕೊಂಡು ಬದುಕುವ ಹೈಡ್ರಾ ಎಂಬ ಪುಟ್ಟ ಜಲಚರಕ್ಕೆ ಆಹಾರವೂ ಅಪಾಯವೂ ಯಾವ ದಿಕ್ಕಿನಿಂದಲಾದರೂ ಬರಬಹುದಾದ್ದರಿಂದ ಅದರ ಕರಬಳ್ಳಿಗಳು ಬಾಯಿಯ ಸುತ್ತಲೂ ಹರಡಿಕೊಂಡಿವೆ. ಒಂದೇ ದಿಕ್ಕಿಗೆ ತೆವಳುವ ಪ್ರಾಣಿಯ ಪಾಡು ಬೇರೆ. ಮುಂದೆ ಸಿಗುವುದನ್ನು ಮೊದಲು ಅರಿಯಬೇಕಾದ ಕಾರಣ ಬಾಯಿ ಮತ್ತು ಇಂದ್ರಿಯಗಳು ಮುಂತುದಿಯಲ್ಲಿ ನೆಲೆಗೊಂಡವು. ನೆಲವೂ ಗುರುತ್ವವೂ ಸೇರಿ ಬೆನ್ನನ್ನು ಹೊಟ್ಟೆಯಿಂದ ಬೇರ್ಪಡಿಸಿದವು. ಆದರೆ ಎಡವನ್ನು ಬಲದಿಂದ ಬೇರೆ ಮಾಡುವಂಥ ಶಾಶ್ವತ ವ್ಯತ್ಯಾಸವೇನೂ ಹೊರಗಿನ ಜಗತ್ತಿನಲ್ಲಿರಲಿಲ್ಲ. ಜೊತೆಗೆ ನೇರವಾಗಿ ಸಾಗುವುದಕ್ಕೂ ಎರಡೂ ಕಡೆಗೆ ಅಷ್ಟೇ ಸಲೀಸಾಗಿ ತಿರುಗುವುದಕ್ಕೂ ಸರಿಸಮನಾದ ಎರಡು ಮಗ್ಗುಲುಗಳು ನೆರವಾದವು. ಇಂಥ ಅತಿ ಹಳೆಯ ಪ್ರಾಣಿಗಳಲ್ಲಿ ಒಂದೆಂದು 2020ರಲ್ಲಿ ವರ್ಣಿಸಲಾದ, ದಕ್ಷಿಣ ಆಸ್ಟ್ರೇಲಿಯಾದ ‘ಇಕಾರಿಯಾ’ ಸುಮಾರು 55.5 ಕೋಟಿ ವರ್ಷಗಳ ಹಿಂದಿನದು. ಅದರ ಉದ್ದ ಕೆಲವೇ ಮಿಲಿಮೀಟರ್.

ಈ ವಾದಕ್ಕೆ ನಮ್ಮ ಕರಾವಳಿಯ ನಂಗು ಮೀನಿಗಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ಮೊಟ್ಟೆಯೊಡೆದು ಬಂದಾಗ ಅದಕ್ಕೆ ಎರಡು ಕಡೆಯಲ್ಲೂ ಒಂದೊಂದು ಕಣ್ಣಿರುತ್ತದೆ. ಬೆಳೆಯುತ್ತ ಅದು ಮರಳಿನ ಮೇಲೆ ಮಗ್ಗುಲಾಗಿ ಮಲಗುವ ಬದುಕಿಗೆ ಇಳಿಯುತ್ತದೆ, ಬಲಗಣ್ಣು ಸರಿದು ಎಡಗಡೆಗೆ ಬರುತ್ತದೆ, ಮೇಲಾದ ಎಡಮಗ್ಗುಲು ಬಣ್ಣ ತಳೆದು ಕೆಳಮಗ್ಗುಲು ಬಿಳಿಚಿಕೊಳ್ಳುತ್ತದೆ. ಎಡಬಲಗಳೇ ಮೇಲುಕೆಳಗುಗಳಾದ ಕಡೆ ಎಡಬಲಗಳ ಹೋಲಿಕೆಯೂ ಅಳಿಯಿತು.

‘ಸೌಷ್ಠವ’ದ ಬಗ್ಗೆ ನನಗಿರುವ ಅಳುಕು ಇಲ್ಲಿಯೇ ಹುಟ್ಟುತ್ತದೆ. ‘ಅಂಗಸೌಷ್ಠವ’ವೆಂದರೆ ಕನ್ನಡಿಗರಿಗೆ ಚೆಂದದ, ಕಟ್ಟುಮಸ್ತಾದ ಮೈಕಟ್ಟು. ನಂಗು ತನ್ನ ಸೌಷ್ಠವವನ್ನು ಕಳೆದುಕೊಂಡಿದೆ ಎಂದು ಓದಿದ ಮಗು ಅದನ್ನು ವಿಕಾರಗೊಂಡ ಮೀನೆಂದು ತಿಳಿದೀತು; ವಾಸ್ತವದಲ್ಲಿ ಅದು ತನ್ನ ನೆಲೆಗೆ ಚೆನ್ನಾಗಿಯೇ ಒಗ್ಗಿದ ಪ್ರಾಣಿ. ‘ಸಮಮಿತಿ’ಗೆ ಅಂಥ ಹೊಗಳಿಕೆಯ ಛಾಯೆಯಿಲ್ಲ, ಗಣಿತದ ಪಾಠದಿಂದ ಮಕ್ಕಳಿಗೆ ಪರಿಚಿತವೂ ಹೌದು. ಆದರೆ ಅದು ಅಳತೆಯ ಸಮಾನತೆಯನ್ನಷ್ಟೇ ಹೇಳುತ್ತದೆ. ಎಡಗಾಲಿನ ಚಪ್ಪಲಿ ಅಳತೆಯಲ್ಲಿ ಸಮನಾಗಿದ್ದರೂ ಬಲಗಾಲಿಗೆ ಹೊಂದುವುದಿಲ್ಲ. ಕನ್ನಡಿಯ ಬಿಂಬದಂಥ ಆ ತಿರುವುಮುರುವು ‘ಸಮಮಿತಿ’ಯಲ್ಲಿ ಕೇಳಿಸುವುದಿಲ್ಲ. ‘ಪಾರ್ಶ್ವ’ದ ಬಗ್ಗೆ ತಕರಾರಿಲ್ಲ: ಪಾರ್ಶ್ವವಾಯು ಎಂದೊಡನೆ ದೇಹದ ಒಂದು ಮಗ್ಗುಲೇ ಎಲ್ಲರ ಮನಸ್ಸಿಗೆ ಬರುತ್ತದೆ.

ಸದ್ಯಕ್ಕೆ ನಾನು ‘ಎಡಬಲ ಸಮಮಿತಿ’ ಎಂದು ಬರೆಯುತ್ತ, ಹೃದಯ, ಯಕೃತ್ತುಗಳಂಥ ಒಳಾಂಗಗಳಿಗೆ ಇದು ಅನ್ವಯಿಸುವುದಿಲ್ಲವೆಂದು ಸೇರಿಸುತ್ತಿದ್ದೇನೆ. ಪಾಠ ಮಾಡುವವರು ಈ ಪ್ರಯೋಗವನ್ನು ಒಪ್ಪುತ್ತಾರೆಯೇ? ನಂಗಿನ ಕಣ್ಣಿರುವ ಮಗ್ಗುಲಿಗೂ ಕಣ್ಣಿಲ್ಲದ ಮಗ್ಗುಲಿಗೂ ಮೀನುಗಾರರ ಮಾತಿನಲ್ಲಿ ಬೇರೆ ಬೇರೆ ಹೆಸರುಗಳಿದ್ದರೆ ಕರಾವಳಿಯವರು ದಯವಿಟ್ಟು ತಿಳಿಸಬೇಕು.