ಫಿಲ್ಟರ್ ನೀರಿನ ಘಟಕ ಕೆಟ್ಟಿದೆ, ಬೋರ್ ನೀರಲ್ಲಿ ಫ್ಲೋರೈಡ್. ಏನು ಮಾಡೋದು?

ಬಾಗೇಪಲ್ಲಿ ಕಡೆಯವನು:
ನಮ್ಮದು ಬಾಗೇಪಲ್ಲಿ ಕಡೆ ಒಂದು ಸಣ್ಣ ಹಳ್ಳಿ. ಊರಿನ ಶುದ್ಧ ನೀರಿನ ಘಟಕ ಬೇಸಿಗೆಯಿಂದ ನಿಂತಿದೆ, ಬಾಗಿಲಿಗೆ ಬೀಗ. ಮನೆ ಮನೆಗೆ ನಲ್ಲಿ ಬಂದಿದೆ ನಿಜ, ಆದರೆ ಅದರಲ್ಲಿ ಬರುವುದೂ ಅದೇ ಸಾವಿರ ಅಡಿ ಬೋರಿನ ನೀರು. ದುಡ್ಡಿದ್ದವರು ಟೌನಿನಿಂದ ಕ್ಯಾನ್ ತರಿಸುತ್ತಾರೆ, ಇಲ್ಲದವರು ನಲ್ಲಿ ನೀರನ್ನೇ ಕಾಯಿಸಿ ಕುಡಿಯುತ್ತಾರೆ. ಮಕ್ಕಳ ಹಲ್ಲಲ್ಲಿ ಕಂದು ಗೆರೆ. ಅಜ್ಜಿಗೆ ಮಂಡಿ ಮಡಚಲು ಆಗಲ್ಲ. ಕಾಯಿಸಿದರೆ ಸಾಕಾ? ಟಿಡಿಎಸ್ ಮೀಟರ್ ತರಿಸಿ ನೋಡಲಾ?

ನೀರು ಪರೀಕ್ಷೆ ಮಾಡುವವನು:
ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಜಾಸ್ತಿಯೇ ಆಗುತ್ತದೆ. ಟಿಡಿಎಸ್ ಮೀಟರಿಗೆ ಸುಮ್ನೆ ದುಡ್ಡು ಹಾಕಬೇಡಿ, ಅದು ಒಟ್ಟು ಲವಣ ಎಷ್ಟಿದೆ ಅಂತ ಅಂದಾಜು ಹೇಳುತ್ತದೆಯೇ ಹೊರತು ಫ್ಲೋರೈಡ್ ತೋರಿಸಲ್ಲ. ಮೊದಲು ನಿಮ್ಮ ಬೋರಿನ ನೀರಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನೋ ಲೆಕ್ಕ ಕೈಗೆ ಬರಲಿ. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಂಗಸರಿಗೆ ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು ಅಂತಿದೆ, ಆ ಕಿಟ್ ಎಲ್ಲಿದೆ ಅಂತ ಪಿಡಿಒ ಅವರನ್ನು ಕೇಳಿ. ಅದರಲ್ಲಿ ಬಣ್ಣ ನೋಡಿ ಅಂದಾಜು ತಿಳಿಯುತ್ತದೆ, ಖಚಿತವಾಗಿ ಬೇಕಾದರೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿ ಸರ್ಕಾರಿ ಲ್ಯಾಬಿಗೆ ಕೊಡಿ. ಲೀಟರಿಗೆ 1 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ಗತಿಯಿಲ್ಲದಿದ್ದರೆ 1.5ರ ತನಕ ಒಪ್ಪಬಹುದು, ಅದರ ಮೇಲೆ ಕುಡಿಯಲೂ ಬೇಡ, ಅಡುಗೆಗೂ ಬೇಡ. ಸ್ನಾನಕ್ಕೆ, ಬಟ್ಟೆಗೆ ತೊಂದರೆಯಿಲ್ಲ. ವರದಿ ಕೈಯಲ್ಲಿ ಹಿಡಿದು ಗ್ರಾಮಸಭೆಯಲ್ಲಿ ಮಾತಾಡಿದರೆ ತಳ್ಳಿಹಾಕುವುದು ಕಷ್ಟ.

ಸಂಘದ ಅಕ್ಕ:
ಘಟಕ ನಿಂತಿದ್ದು ಯಾಕೆ ಅಂತ ಮೊದಲು ನೋಡಿ ತಮ್ಮಾ. ನಮ್ಮ ಕಡೆ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಕಟ್ಟಿಕೊಂಡಿತ್ತು, ಬದಲಾಯಿಸುವವರು ಯಾರು ಅಂತ ಗುತ್ತಿಗೆದಾರರೂ ಪಂಚಾಯಿತಿಯೂ ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೂತರು. ನಿರ್ವಹಣೆ ಯಾರದ್ದು, ಎಷ್ಟು ವರ್ಷ ಅಂತ ಕರಾರಿನಲ್ಲಿ ಬರೆದಿರುತ್ತದೆ, ಅದರ ಪ್ರತಿ ಕೇಳಿ. ಇನ್ನೊಂದು, ಸೋಸಿದ ಮೇಲೆ ಘಟಕದಿಂದ ಹೊರಹೋಗುವ ತ್ಯಾಜ್ಯ ನೀರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತದೆ. ಅದನ್ನು ಹಳೇ ಬಾವಿಗೋ ಇಂಗುಗುಂಡಿಗೋ ಬಿಡಲು ಕೊಡಲೇಬೇಡಿ.

ಮಳೆ ನೀರು ಕುಡಿಯುವವನು:
ಘಟಕ ರಿಪೇರಿ ಮಾಡಿಸಿ, ಬೇಡ ಅನ್ನಲ್ಲ. ಆದರೆ ಕುಡಿಯುವ ನೀರಿಗೆ ಒಂದೇ ಯಂತ್ರ ನಂಬಿ ಕೂರಬೇಡಿ. ಮಳೆ ನೀರಲ್ಲಿ ಫ್ಲೋರೈಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅದು ಬರುವುದೇ ನೆಲದಡಿಯ ಕಲ್ಲಿನಿಂದ. ಲೆಕ್ಕ ನೋಡಿ: 50 ಚದರ ಮೀಟರ್ ತಾರಸಿ, ವರ್ಷಕ್ಕೆ 600 ಮಿ.ಮೀ. ಮಳೆ ಅಂತಿಟ್ಟುಕೊಳ್ಳಿ, 30,000 ಲೀಟರ್ ಬೀಳುತ್ತದೆ. ಸೋರಿದ್ದು, ಚೆಲ್ಲಿದ್ದು ಕಳೆದರೂ 24,000 ಸಿಗಬಹುದು. ಐದು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಅಂದರೆ ವರ್ಷಕ್ಕೆ ಬೇಕಾಗುವುದು 9,000 ಚಿಲ್ಲರೆ ಅಷ್ಟೇ!

ಬಾಗೇಪಲ್ಲಿ ಕಡೆಯವನು:
ಇದು ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್. ಟ್ಯಾಂಕ್ ಎಷ್ಟು ದೊಡ್ಡದು ಬೇಕು? ಹುಳ ಆಗಲ್ವಾ?

ಮಳೆ ನೀರು ಕುಡಿಯುವವನು:
5,000 ಲೀಟರಿನದು ತುಂಬಿಕೊಂಡರೆ ಆರು ತಿಂಗಳು ಬರುತ್ತದೆ. ಮೊದಲ ಮಳೆಯ ನೀರು ಹೊರಗೆ ಬಿಡಿ, ತಾರಸಿ ತೊಳೆದು ಹೋಗಲಿ. ಬಾಯಿಗೆ ಜಾಲರಿ, ಒಳಗೆ ಬೆಳಕು ಬೀಳದ ಮುಚ್ಚಳ. ನೆಲದಡಿ ಸಂಪು ಕಟ್ಟುವುದಾದರೆ ಶೌಚಾಲಯದ ಗುಂಡಿಯಿಂದ ದೂರ ಕಟ್ಟಿ, ಕೊಳಚೆ ಒಳಗೆ ಜಿನುಗಿದರೆ ಎಲ್ಲಾ ವ್ಯರ್ಥ. ಕುಡಿಯುವ ಮುಂಚೆ ಕಾಯಿಸಿ, ಇಲ್ಲಿ ಕಾಯಿಸುವುದು ಉಪಯೋಗಕ್ಕೆ ಬರುತ್ತದೆ. ಎಲ್ಲ ಮನೆಗೂ ಒಮ್ಮೆಗೇ ಆಗದಿದ್ದರೆ ಅಂಗನವಾಡಿ, ಶಾಲೆಯ ತಾರಸಿಯಿಂದ ಶುರುಮಾಡಿ. ಹಲ್ಲು ಮೂಡುತ್ತಿರುವ ಮಕ್ಕಳಿಗೆ ಮೊದಲು ಒಳ್ಳೆ ನೀರು ಸಿಗಬೇಕು, ಒಮ್ಮೆ ಕಲೆ ಬಿದ್ದ ಹಲ್ಲು ಮತ್ತೆ ಮೊದಲಿನಂತೆ ಆಗಲ್ಲ.