ಬ್ರಾಕಾನ್ ಕಣಜದ ಕ್ಯೂಪಿಸಿಆರ್‌ಗೆ ಯಾವ ರೆಫರೆನ್ಸ್ ಜೀನ್ ಇಟ್ಕೋಬೇಕ್ರಿ?

ಪ್ರಶ್ನೆ (ಧಾರವಾಡ):
ನಮಸ್ಕಾರ್ರಿ. ಎಂಟಮಾಲಜಿ ಓದಾಕತ್ತೀನಿ, ಅಕ್ಕಿ ಪತಂಗದ ಹುಳದ ಮ್ಯಾಲೆ ಬ್ರಾಕಾನ್ ಹೆಬೆಟರ್ ಅನ್ನೂ ಪರಾವಲಂಬಿ ಕಣಜ ಸಾಕಿ, ಶೆಕಿ ಏರಿದ್ರ ಹೆಚ್‌ಎಸ್‌ಪಿ 70 (ಶೆಕಿಯಾಗ ಸೆಲ್ ಕಾಯೂ ಪ್ರೋಟೀನಿನ ಜೀನ್) ಎಷ್ಟು ಏರತೈತಿ ಅಂತ ಕ್ಯೂಪಿಸಿಆರ್, ಅಂದ್ರ ಜೀನ್ ಎಷ್ಟು ಕೆಲಸ ಮಾಡಾಕತ್ತೈತಿ ಅಂತ ಅಳಿಯೂ ವಿಧಾನದಾಗ ನೋಡಬೇಕು. ರೆಫರೆನ್ಸ್‌ಗೆ (ಹೋಲಿಸಾಕ ಎಲ್ಲಾದ್ರಾಗೂ ಸ್ಥಿರ ಇರಬೇಕಾದ ಜೀನ್) ಆಕ್ಟಿನ್ ಒಂದ ಐತಿ, ಆದ್ರ ಆರ್‌ಎನ್‌ಎ ಎಲ್ಲಾದ್ರಾಗೂ ಅಷ್ಟ ಹಾಕಿದ್ರೂ ಮರಿ, ಕೋಶ (ಪ್ಯೂಪಾ), ದೊಡ್ಡ ಕಣಜ ಒಂದೊಂದಕ್ಕ ಆಕ್ಟಿನ್ ಸಿಟಿ (ಸಿಗ್ನಲ್ ಕಾಣೂ ಸೈಕಲ್ ಸಂಖ್ಯೆ) ಒಂದೊಂದು ಬರಾಕತ್ತೈತಿ. 18ಎಸ್ ರೈಬೋಸೋಮಲ್ ಆರ್‌ಎನ್‌ಎಗೆ ಹೋಗ್ಲೇನು?

ಉತ್ತರ (ಹುಬ್ಬಳ್ಳಿ):
18ಎಸ್ ಬ್ಯಾಡ್ರಿ ತಂಗಿ, ಅದು ಸೆಲ್‌ನ್ಯಾಗ ಭಾಳ ಜಾಸ್ತಿ ಇರತೈತಿ, ಸಿಟಿ ಭಾಳ ಲಗೂನ ಬಂದುಬಿಡತೈತಿ, ನಿಮ್ಮ ಹೆಚ್‌ಎಸ್‌ಪಿ ಜೊತಿ ಹೋಲಿಸಾಕ ಬರಂಗಿಲ್ಲ. ಆಕ್ಟಿನ್ ಅಲುಗಾಡೂದು ಸಹಜ, ಕೋಶದಾಗ ಹಳೇ ಸ್ನಾಯು ಕರಗಿ ಹಾರೂ ಸ್ನಾಯು ಹೊಸದಾಗಿ ಕಟ್ಟತೈತಿ, ಆಕ್ಟಿನ್ ಆ ಸ್ನಾಯುವಿನ ಸರಕ ಅಲ್ಲೇನ್ರಿ. ಎಲ್ಲಾ ಕಡೆ ನಡಿಯೂ ಜೀನ್ ಅಂತ ಒಂದೂ ಇಲ್ಲ. ಆಕ್ಟಿನ್, ಜಿಎಪಿಡಿಹೆಚ್, ಟ್ಯುಬುಲಿನ್, ಇಎಫ್ 1 ಆಲ್ಫಾ, ಒಂದೆರಡು ರೈಬೋಸೋಮಲ್ ಪ್ರೋಟೀನ್ ಜೀನ್ ತಗೊಂಡು ನಿಮ್ಮ ಎಲ್ಲಾ ಹಂತ, ಎಲ್ಲಾ ಟೆಂಪರೇಚರ್ ಸ್ಯಾಂಪಲ್ ಮ್ಯಾಲೆ ಓಡಸ್ರಿ, ಪ್ರೈಮರ್ (ಜೀನ್ ಹಿಡಿಯೂ ಸಣ್ಣ ಡಿಎನ್‌ಎ ತುಣುಕು) ಎಫಿಶಿಯನ್ಸಿ 90ರಿಂದ 110 ಪರ್ಸೆಂಟ್ ಒಳಗ ಇದ್ದದ್ದಷ್ಟ ಇಟ್ಕೋರಿ.

ಉತ್ತರ (ಹಾವೇರಿ):
ಇನ್ನೊಂದು ಭಾಳ ಮುಖ್ಯ. ಬ್ರಾಕಾನ್ ಮರಿ ಹುಳದ ಹೊರಗ ಕುಂತು ರಸ ಹೀರತೈತಿ, ಹೊಟ್ಟಿ ತುಂಬ ಪತಂಗದ ಆರ್‌ಎನ್‌ಎ ಇರತೈತಿ. ಆಕ್ಟಿನ್‌ನಂಥ ಜೀನ್ ಎರಡೂ ಕೀಟದಾಗ ಹೆಚ್ಚೂಕಡಿಮಿ ಒಂದ ಇರೂದ್ರಿಂದ ಪ್ರೈಮರ್ ಪತಂಗದ್ದನ್ನೂ ಎತ್ತಿಬಿಡತೈತಿ. ಕಣಜ ಮುಟ್ಟದ ಹುಳದ ಸಿಡಿಎನ್‌ಎ (ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ) ಹಾಕಿ ನೋಡ್ರಿ, ಬ್ಯಾಂಡ್ ಬಂದ್ರ ಪ್ರೈಮರ್ ಬದಲಸ್ರಿ. ಕೊಟೇಸಿಯಾದಂಗ ಹುಳದ ಒಳಗ ಬೆಳಿಯೂ ಕಣಜಕ್ಕಂತೂ ಇದು ಬೇಕ ಬೇಕು.

ಪ್ರಶ್ನೆ ಕೇಳಿದವರು:
ಇದು ತಲಿಗೇ ಹೊಳೆದಿರಲಿಲ್ಲ, ಭಾಳ ಉಪಕಾರ ಆತ್ರಿ. ರ‍್ಯಾಂಕ್ ಹಚ್ಚಾಕ ಜೀನಾರ್ಮ್ (ಯಾವ ಜೀನ್ ಹೆಚ್ಚು ಸ್ಥಿರ ಅಂತ ಲೆಕ್ಕ ಹಾಕೂ ಸಾಫ್ಟ್‌ವೇರ್) ಒಂದ ಸಾಕೇನ್ರಿ?

ಉತ್ತರ (ಹುಬ್ಬಳ್ಳಿ):
ಸಾಲಂಗಿಲ್ರಿ. 2002ರಾಗ ಬಂದ ಆ ಜೀನಾರ್ಮ್ ಜೀನ್‌ಗಳನ್ನ ಜೋಡಿ ಜೋಡಿ ಹಚ್ಚಿ ನೋಡತೈತಿ, ಎರಡು ರೈಬೋಸೋಮಲ್ ಜೀನ್ ಕೂಡಿ ಏರಿ ಕೂಡಿ ಇಳದ್ರೂ ಅವ್ನ ಸ್ಥಿರ ಅಂತ ಮ್ಯಾಲೆ ತರತೈತಿ. ನಾರ್ಮ್‌ಫೈಂಡರ್ ಅನ್ನೂ ಇನ್ನೊಂದು ಸಾಫ್ಟ್‌ವೇರ್ ಗುಂಪಿನ ಒಳಗಿನ ಏರಿಳಿತ, ಗುಂಪುಗಳ ನಡುವಿನ ಏರಿಳಿತ ಬ್ಯಾರೆ ಮಾಡಿ ತೋರಸತೈತಿ, ನಿಮ್ಮಂಗ ಹಂತ-ಹಂತ ಇದ್ದವ್ರಿಗೆ ಅದ ಛಲೋ. ಮೂರನೇ ಸಾಫ್ಟ್‌ವೇರ್ ಬೆಸ್ಟ್‌ಕೀಪರ್‌ಗೆ ಸಿಟಿ ಹಂಗ ಕೊಡಬಹುದು, ಆದ್ರ ಮೊದಲಿನ ಎರಡಕ್ಕ ಎಫಿಶಿಯನ್ಸಿ ಲೆಕ್ಕಕ್ಕ ತಗೊಂಡು ಪ್ರಮಾಣಕ್ಕ ತಿರುಗಿಸಿ ಕೊಡ್ರಿ. ಜೀನಾರ್ಮ್‌ನ್ಯಾಗ ವಿ 2/3 (ಎರಡರ ಜೊತಿ ಮೂರನೇ ಜೀನ್ ಸೇರಿಸಿದ್ರ ಲೆಕ್ಕ ಎಷ್ಟು ಬದಲಾಗತೈತಿ) ಅನ್ನೂದು 0.15ಕ್ಕಿಂತ ಕಡಿಮಿ ಬಂದ್ರ ಎರಡು ಜೀನ್ ಸಾಕು, ಅವೆರಡರ ಜಿಯೋಮೆಟ್ರಿಕ್ ಮೀನ್ ಇಟ್ಕೊಂಡು ಹೆಚ್‌ಎಸ್‌ಪಿ ಲೆಕ್ಕ ಹಾಕ್ರಿ. ದೊಡ್ಡ ಕಣಜಗಳನ್ನ ಒಂದ ಸ್ಯಾಂಪಲ್‌ಗೆ ಒಟ್ಟು ಮಾಡೂವಾಗ ಗಂಡು ಹೆಣ್ಣು ಕೂಡಸಬ್ಯಾಡ್ರಿ ಮತ್ತ, ಫಲಿತ ಆಗದ ತತ್ತಿಯಿಂದ ಗಂಡು ಬರತೈತಿ, ಒಂದ ಸೆಟ್ ಕ್ರೋಮೋಸೋಮು, ಯಾವ ಜೀನ್ ಸ್ಥಿರ ಅನ್ನೂದು ಎರಡಕ್ಕೂ ಬ್ಯಾರೆ ಬರಬಹುದು.