ಕೌಲಿಂಗ್ ಪಿನ್‌ಹೋಲ್: ಪ್ರೈಮರ್‌ನಿಂದ ತುಂಬುತ್ತಾ?

ಗ್ಯಾರೇಜ್_ಆರ್‌ವಿ7:
ನಮಸ್ಕಾರ. ಡಲ್ಲಾಸ್ ಹತ್ತಿರ ಮನೆ ಗ್ಯಾರೇಜಿನಲ್ಲಿ ಆರ್‌ವಿ-7 (ಕಿಟ್‌ನಿಂದ ನಾವೇ ಜೋಡಿಸುವ ಸಣ್ಣ ವಿಮಾನ) ಕಟ್ಟುತ್ತಿದ್ದೇನೆ. ಅಲ್ಯೂಮಿನಿಯಂ ಕೆಲಸ ಬಹುತೇಕ ಮುಗಿಯಿತು. ಉಳಿದಿದ್ದು ಫೈಬರ್‌ಗ್ಲಾಸ್: ಎಂಜಿನ್ ಕೌಲಿಂಗ್ (ಎಂಜಿನ್ ಮುಚ್ಚುವ ಕವಚ), ರೆಕ್ಕೆಯ ತುದಿಗಳು, ಚಕ್ರದ ಕವಚ, ಬಾಲದ ಸಣ್ಣಪುಟ್ಟ ಭಾಗಗಳು. ಕೌಲಿಂಗ್ ತುಂಬಾ ಸೂಜಿ ಚುಚ್ಚಿದಂಥ ತೂತುಗಳಿವೆ. ಒಂದು ಮೂಲೆಗೆ ಹೈ-ಬಿಲ್ಡ್ ಪ್ರೈಮರ್ (ಬಣ್ಣಕ್ಕೆ ಮುಂಚಿನ ದಪ್ಪ ಅಸ್ತರು) ಹೊಡೆದು ನೋಡಿದೆ, ತೂತು ಹಾಗೇ ಇವೆ. ಇನ್ನೂ ನಾಲ್ಕು ಕೋಟ್ ಹೊಡೆಯಲಾ? ಅಥವಾ ಕಾರಿಗೆ ಹಾಕುವ ಪುಟ್ಟಿ ಸಾಕಾ? ಬಣ್ಣ ಕಡುನೀಲಿ ಅಂದುಕೊಂಡಿದ್ದೇನೆ.

ಹ್ಯಾಂಗರ್_ಮೂಲೆ:
ನಾಲ್ಕಲ್ಲ, ನಲವತ್ತು ಕೋಟ್ ಹೊಡೆದರೂ ಅಷ್ಟೇ. ಸ್ಪ್ರೇ ಮಾಡಿದ ಪ್ರೈಮರ್ ತೂತಿನ ಬಾಯಿ ಮೇಲೆ ತೆಳ್ಳಗೆ ಕೂರುತ್ತದೆ, ಒಳಗೆ ಗಾಳಿ ಉಳಿಯುತ್ತದೆ. ಉಜ್ಜಿದ ಕೂಡಲೇ ಬಾಯಿ ತೆರೆಯುತ್ತದೆ. ತೂತಿನೊಳಗೆ ಏನನ್ನಾದರೂ ಒತ್ತಿ ತುಂಬಬೇಕು. ಅದು ಕೈಯಿಂದಲೇ ಆಗುವ ಕೆಲಸ.

ಮೊದಲು ಸೋಪು ನೀರಲ್ಲಿ ತೊಳೆಯಿರಿ, ಒಣಗಿದ ಮೇಲೆ ವ್ಯಾಕ್ಸ್-ಗ್ರೀಸ್ ರಿಮೂವರ್‌ನಲ್ಲಿ ಒರೆಸಿ. ಅಚ್ಚಿನಿಂದ ಬಂದ ಮೇಣ ಅಂಟಿಕೊಂಡಿರಬಹುದು. ತೊಳೆಯದೆ ಉಜ್ಜಿದರೆ ಅದನ್ನು ನೀವೇ ಗೀರಿನೊಳಗೆ ತಿಕ್ಕಿದ ಹಾಗೆ. ಆಮೇಲೆ 120 ಗ್ರಿಟ್ ಸ್ಯಾಂಡ್‌ಪೇಪರ್‌ನಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಗಾಜಿನ ನೂಲು ಕಾಣುವ ತನಕ ಹೋಗಬೇಡಿ.

ಈಗ ಲ್ಯಾಮಿನೇಟಿಂಗ್ ಎಪಾಕ್ಸಿ (ಗಾಜಿನ ಬಟ್ಟೆಗೆ ಹಚ್ಚುವ ತೆಳು ಅಂಟು) ಕಲಸಿ. ಪುಡಿ ಏನೂ ಬೇಡ, ಬರೀ ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್. ಸ್ಕ್ವೀಜಿಯಲ್ಲಿ (ರಬ್ಬರ್ ಪಟ್ಟಿ) ಹರಡಿ, ಒತ್ತಿ ಎಳೆಯಿರಿ. ಒಮ್ಮೆ ಅಡ್ಡ, ಒಮ್ಮೆ ಉದ್ದ. ಹಳೇ ಕ್ರೆಡಿಟ್ ಕಾರ್ಡ್ ಇದ್ದರೆ ಇನ್ನೂ ವಾಸಿ. ಮೇಲೆ ನಿಂತಿದ್ದನ್ನೆಲ್ಲ ಕೆರೆದು ತೆಗೆಯಿರಿ. ತೂತಿನೊಳಗೆ ಹೋದದ್ದಷ್ಟೇ ನಮಗೆ ಬೇಕು. ಅಂಟಂಟು ಇರುವಾಗಲೇ ಇನ್ನೊಂದು ಸಲ ಎಳೆದರೆ ನಡುವೆ ಉಜ್ಜುವ ಕೆಲಸ ಇರುವುದಿಲ್ಲ. ಪೂರ್ತಿ ಗಟ್ಟಿಯಾದ ಮೇಲೆ ಕೆಲವು ಎಪಾಕ್ಸಿಗಳ ಮೇಲೆ ಜಿಡ್ಡಿನಂಥ ಪೊರೆ ಏಳುತ್ತದೆ. ಅದನ್ನು ನೀರಲ್ಲೇ ತೊಳೆದು, ಆಮೇಲೆ ಸ್ಯಾಂಡ್‌ಪೇಪರ್ ಹಿಡಿಯಿರಿ. ಪ್ರೈಮರ್ ಸರದಿ ಇದೆಲ್ಲ ಆದ ಮೇಲೆ.

ಕಾರಿನ ಪುಟ್ಟಿ ಪಾಲಿಯೆಸ್ಟರ್. ಎಪಾಕ್ಸಿ ಮೇಲೆ ಅದರ ಹಿಡಿತ ನನಗೆ ನಂಬಿಕೆ ಇಲ್ಲ, ತೂಕವೂ ಜಾಸ್ತಿ. ತಗ್ಗು ತುಂಬಲು ಎಪಾಕ್ಸಿಗೆ ಗಾಜಿನ ಮೈಕ್ರೋಬಲೂನ್ (ಟೊಳ್ಳು ಗುಳ್ಳೆಗಳ ಹಗುರ ಪುಡಿ) ಸೇರಿಸಿ, ಬೆಣ್ಣೆಯ ಹದಕ್ಕೆ ಕಲಸಿ. ಪುಡಿ ಕಲಸುವಾಗ ಮಾಸ್ಕ್ ಬೇಕೇ ಬೇಕು.

ಕಡುನೀಲಿ ಬಗ್ಗೆ ಒಂದು ಮಾತು. ಟೆಕ್ಸಸ್ ಬಿಸಿಲಿಗೆ ಕಡು ಬಣ್ಣ ಸಿಕ್ಕಾಪಟ್ಟೆ ಕಾಯುತ್ತದೆ. ರೆಸಿನ್ ಮೆತ್ತಗಾಗಿ ಒಳಗಿನ ಬಟ್ಟೆಯ ನೇಯ್ಗೆ ಬಣ್ಣದ ಮೇಲೆ ಮೂಡಬಹುದು. ವಿಮಾನ ವಿನ್ಯಾಸಕ ಬರ್ಟ್ ರುಟಾನ್‌ರ ಲಾಂಗ್-ಈಝಿ ವಿಮಾನಗಳು ಹೆಚ್ಚಾಗಿ ಬಿಳಿ ಇರುವುದು ಸುಮ್ನೆ ಅಲ್ಲ. ಅವಕ್ಕೆ ರೆಕ್ಕೆಯೇ ಫೋಮ್ ಮತ್ತು ಫೈಬರ್‌ಗ್ಲಾಸ್. ನಿಮ್ಮದು ಅಲ್ಯೂಮಿನಿಯಂ ರೆಕ್ಕೆ, ಅಷ್ಟು ಹೆದರಬೇಕಿಲ್ಲ. ಆದರೂ ನಾನಾದರೆ ಕೌಲಿಂಗ್ ಮೇಲ್ಭಾಗ ಬಿಳಿಯೇ ಇಡುತ್ತೇನೆ.

ಗಾಳಿಪಟ_ಮಾಮ:
ಮೇಲಿನವರು ಹೇಳಿದ್ದು ಸರಿ. ಬಾಲದ ಚಲಿಸುವ ಭಾಗಗಳಾದ ರಡರ್ (ಎಡ-ಬಲ ತಿರುಗಿಸುವುದು), ಎಲಿವೇಟರ್ (ಮೂತಿ ಏರಿಳಿಸುವುದು) ಬಗ್ಗೆ ಮಾತ್ರ ಎಚ್ಚರ. ಎಲಿವೇಟರ್ ತುದಿ ಕೀಲಿಗಿಂತ ಮುಂದೆ ಇದೆ, ಅಲ್ಲಿ ಚೂರು ಫಿಲ್ಲರ್ (ತಗ್ಗು ತುಂಬುವ ಮಿಶ್ರಣ) ಬಿದ್ದರೆ ತೊಂದರೆಯಿಲ್ಲ. ರಡರ್‌ನ ಕೆಳಗಿನ ತುಂಡು ಕೀಲಿನ ಹಿಂದೆ. ಅಲ್ಲಿ ಫಿಲ್ಲರ್, ಹಿಂದಿನ ತಗಡಿನ ಮೇಲೆ ದಪ್ಪ ಬಣ್ಣ ಸೇರಿದರೆ ಹಿಂಭಾರ ಆಗುತ್ತದೆ. ಅದರಿಂದ ಫ್ಲಟರ್ (ಹಾರುವಾಗ ಆ ಭಾಗ ಹತೋಟಿ ತಪ್ಪಿ ನಡುಗುವುದು) ಭಯ. ಬಣ್ಣ ಆದ ಮೇಲೆ ಬ್ಯಾಲೆನ್ಸ್ ಮತ್ತೆ ನೋಡಿ.

ರೆಕ್ಕೆಯ ತುದಿಯೊಳಗೆ ಆಂಟೆನಾ ಇಟ್ಟಿದ್ದೀರಾ? ಹಾಗಿದ್ದರೆ ಅಲ್ಲಿಗೆ ಮೆಟಾಲಿಕ್ ಬಣ್ಣ ಬೇಡ, ಅದರಲ್ಲಿನ ಲೋಹದ ಚೂರು ಸಿಗ್ನಲ್‌ಗೆ ಅಡ್ಡಿಯಾಗಬಹುದು.

ಗ್ಯಾರೇಜ್_ಆರ್‌ವಿ7:
ಧನ್ಯವಾದ ಇಬ್ಬರಿಗೂ. ಹೌದು, ವಿಒಆರ್ (ದಿಕ್ಕು ತಿಳಿಸುವ ರೇಡಿಯೋ) ಆಂಟೆನಾ ಎಡ ತುದಿಯಲ್ಲಿದೆ, ಮೆಟಾಲಿಕ್ ಬಿಟ್ಟೆ. ಕೌಲಿಂಗ್ ಒಳಮೈಗೂ ಎಪಾಕ್ಸಿ ಬಳಿಯಬೇಕಾ?

ಹ್ಯಾಂಗರ್_ಮೂಲೆ:
ಬಳಿಯಿರಿ, ತೆಳ್ಳಗೆ. ಇಲ್ಲದಿದ್ದರೆ ಎಂಜಿನ್ ಎಣ್ಣೆ ಹೀರಿಕೊಳ್ಳುತ್ತದೆ, ಮುಂದೆ ರಿಪೇರಿ ಬಂದರೆ ಏನೂ ಅಂಟುವುದಿಲ್ಲ. ಇನ್ನೊಂದು, ಟೂ-ಕೆ (ಎರಡು ಭಾಗ ಬೆರೆಸುವ) ಬಣ್ಣದ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಅದು. ಮನೆಗೆ ಅಂಟಿದ ಗ್ಯಾರೇಜಿನಲ್ಲಿ ಅದನ್ನು ಸ್ಪ್ರೇ ಮಾಡಲೇಬೇಡಿ. ಬಣ್ಣದ ಬೂತ್ ಬಾಡಿಗೆಗೆ ಹುಡುಕಿ.